ಉಳಿದ ತುಂಡು

ಶಹಾಬಾದಿನ ಮುಂಜಾನಿ ಪ್ಯಾಸೆಂಜರಿಗೆ
ಏಳು ಕಿಲೋ ಕಲ್ಲು ಹೊತ್ತು ಹತ್ತಿದೆ.
ಎದುರಿಗೆ ಕುಂತ ಮುದುಕ ಚೀಲ ನೋಡಿ ಕೇಳಿದ:
‘ಏನವ್ವ, ತೊಗರಿ ಬ್ಯಾಳಿ ಏನು?’
‘ಅಲ್ಲ ಕಾಕಾ, ಬಿಸಿನೆಸ್ ಪ್ಲಾನು.’
ಅಂವ ಕಾಲು ಝರಾ ಹಿಂದಕ್ಕ ಎಳಕೊಂಡ.

ನಮ್ಮ ಪಾಲಿಶ್ ಕಾರ್ಖಾನಿ ಹಿಂದ ಒಂದು ಗುಡ್ಡ ಅದ,
ದೇವರು ಮಾಡಿದ್ದಲ್ಲ, ನಾವ ಮಾಡಿದ್ದು.
ಎರಡು ಫೂಟಿನ ಫರಸಿ ಕೊಯ್ದ ಮ್ಯಾಲೆ
ಉಳಿದ ಚೂರು, ಅಂಚು, ಒಡಕು ಮೂಲಿ
ಟ್ರ್ಯಾಕ್ಟರಿನ್ಯಾಗ ತಂದು ಅಲ್ಲೇ ಸುರಿತಾರ.
ಸಣ್ಣವರಿದ್ದಾಗ ಅದರ ಮ್ಯಾಲೆ ನಿಂತು
ನಾನು, ರಜಿಯಾ, ಗೂಡ್ಸ್ ಗಾಡಿ ಡಬ್ಬಿ ಎಣಿಸ್ತಿದ್ದೆವು.
ಈಗ ಅದು ಲೈಟಿನ ಕಂಬದ ಅರ್ಧಕ್ಕ ಬಂದದ.

ಹನ್ನೊಂದು ವರ್ಷ ನಾ ಅಲ್ಲಿ ಲೆಕ್ಕ ಬರದೀನಿ:
ಬಂದ ಲಾರಿ, ಹೋದ ಲಾರಿ, ಚದರ ಫೂಟು.
ಗುಡ್ಡದ ಲೆಕ್ಕ ಬರಿ ಅಂತ ಯಾರೂ ಅನ್ನಲಿಲ್ಲ.
ಒಂದಿನ ಮಧ್ಯಾಹ್ನ ಕರೆಂಟ್ ಹೋದಾಗ
ಒಂದು ಚೂರು ಒರಸಿ ಅದರ ಮ್ಯಾಲೆ ಚಾ ಕಪ್ಪಿಟ್ಟೆ.
ರಿಜಿಸ್ಟರಿಗೆ ಕಲಿ ಬೀಳಲಿಲ್ಲ.
ಅಷ್ಟ.

ಅರ್ಜಿಯೊಳಗ ಕೇಳಿದ್ರು: ನಿಮ್ಮ ತಂಡದಾಗ ಯಾರ್ಯಾರು?
ರಜಿಯಾ, ಅಂಚು ಉಜ್ಜಾಕಿ.
ಚಂದಮ್ಮ, ಎಡಗೈಯಾಗ ಎರಡು ಬೆರಳು ಕಡಿಮಿ,
ಆದ್ರೂ ಆಕಿ ಕೊಯ್ದಂಗ ಯಾರೂ ಕೊಯ್ಯಂಗಿಲ್ಲ.
ಬೆರಳಿನ ಮಾತು ಆಮ್ಯಾಲೆ ಹೊಡದು ಹಾಕಿದೆ.
ಮಾರುಕಟ್ಟಿ ಎಷ್ಟು ದೊಡ್ಡದು?
ಬಿಸಿ ಪಾತ್ರಿ ಇಳಿಸೋ ಮನಿ ಎಷ್ಟದಾವೋ ಅಷ್ಟು.
ಅಪಾಯಗಳೇನು?
ಕಾಲ ಮ್ಯಾಲೆ ಬೀಳಬಹುದು.

ಕಲಬುರಗಿ ಕಾಲೇಜಿನ ಹಾಲಿನ್ಯಾಗ ಎಸಿ ಹಚ್ಚಿದ್ರು.
ಹೊರಗ ಮೇ ತಿಂಗಳು, ಒಳಗ ನಾ ಸೆರಗು ಹೊದ್ದು ಕುಂತೀನಿ.
ನನ್ನ ನಂಬರ ಹತ್ತೊಂಬತ್ತು.
ಮೊದಲಿನ ಹುಡುಗರು ಪಡದಿ ಮ್ಯಾಲೆ ಬಾಣ ಏರಿಸಿದ್ರು,
ಎಲ್ಲಾ ಬಾಣ ಬಲಕ್ಕ, ಮ್ಯಾಲಕ್ಕ,
ಒಂದಕ್ಕೂ ದಣಿವಿಲ್ಲ.

ಐದು ನಿಮಿಷಕ್ಕ ಘಂಟಿ. ಕಲ್ಲು ಮೇಜಿನ ಮ್ಯಾಲಿಟ್ಟೆ,
ಮೇಜು ನರಳಿತು.
ಬೂದಿ ಬಣ್ಣದ್ದು, ನೀಲಿ, ಒಂದರಾಗ ಹಳದಿ ಎಳಿ.
ನಡುವ ಕುಂತ ತೀರ್ಪುಗಾರರು ಅಂಗೈಯಾಗ ತೂಗಿ ನೋಡಿ
ಮೆಲ್ಲಗ ಕೇಳಿದ್ರು: ‘ಚಂದ ಅದ ಮ್ಯಾಡಮ್.
ಆದ್ರ ಇದರೊಳಗ ಸ್ಕೇಲ್ ಅದ ಏನು?’
‘ಅದ ರೀ’ ಅಂದೆ.
ಬ್ಯಾಗಿನೊಳಗಿಂದ ಸ್ಟೀಲಿನ ಸ್ಕೇಲ್ ತಗದು ಮುಂದಿಟ್ಟೆ,
ಹನ್ನೆರಡು ಇಂಚು, ಅಂಕಿ ಅರ್ಧ ಅಳಿಸಿದ್ದು,
ರಿಜಿಸ್ಟರಿನ ಗೆರಿ ಎಲ್ಲಾ ಅದರಿಂದಲೇ ಹೊಡದದ್ದು.

ನಗಿ ಹಿಂದಿನ ಸಾಲಿನ್ಯಾಗ ಹುಟ್ಟಿ ಮುಂದಕ್ಕ ಬಂತು.
ತೀರ್ಪುಗಾರರೂ ನಕ್ಕರು, ಆಮ್ಯಾಲೆ ತಡದರು,
ತಪ್ಪು ಯಾರದಂತ ತಿಳಿಲಾರದವರಂಗ.
ಘಂಟಿ ಹೊಡೀತು.
ಗುಡ್ಡದ ಮಾತು ಇನ್ನೂ ಬಂದಿರಲೇ ಇಲ್ಲ.

ಸಂಜಿಗೆ ಹೆಸರು ಕೂಗಿದ್ರು, ನನ್ನದಲ್ಲ.
ಗೆದ್ದ ಚೆಕ್ಕು ಬಾಗಿಲಕ್ಕ ಹಿಡಿಲಾರದಷ್ಟು ದೊಡ್ಡದು,
ಇಬ್ಬರು ಅದನ್ನ ಅಡ್ಡ ಮಾಡಿ ಒಯ್ದರು.
ನಾ ಕಲ್ಲು ಚೀಲಕ್ಕ ತುಂಬುತ ಎಣಿಸಿದೆ: ಒಂದು ಕಡಿಮಿ.
ಹುಡುಕಿದ್ರ, ಪ್ರೊಜೆಕ್ಟರ್ ಇಟ್ಟ ಸ್ಟೂಲಿನ
ಕುಂಟುಗಾಲ ಬುಡಕ ಯಾರೋ ತುರುಕ್ಯಾರ.
ನನ್ನ ಹಿಂದ ಬಂದ ಬಾಣ ಎಲ್ಲಾ
ಅದರ ಮ್ಯಾಲೆ ನಿಂತೇ ಏರ್ಯಾವ.

ತಗೀಬೇಕಂತ ಬಗ್ಗಿದೆ, ಜವಾನ ಈರಪ್ಪ ಓಡಿ ಬಂದ.
‘ಬ್ಯಾಡ್ರಿ ಅಕ್ಕೋರ, ನಾಳಿ ಮತ್ತೊಂದು ಕಾರ್ಯಕ್ರಮ ಅದ.
ಎಷ್ಟು ಹೇಳ್ರಿ ಇದಕ್ಕ?’

ಇಡೀ ದಿನದಾಗ ಯಾರೂ ಬೆಲಿ ಕೇಳಿರಲಿಲ್ಲ.

‘ನಲವತ್ತು.’
‘ಎರಡಕ್ಕ ಐವತ್ತು ಮಾಡ್ರಿ. ಮನಿಗೂ ಒಂದು ಬೇಕು,
ಕುಕ್ಕರಿಟ್ಟು ಇಟ್ಟು ಮೇಣದ ಹಾಸು ಸುಟ್ಟದ.’
ಚೀಲದ ಬಾಯಿ ಬಿಚ್ಚಿದೆ. ಅಂವ ಆರಿಸಿಕೊಂಡ,
ಚೀಟಿ ಬರದು ಕೊಟ್ಟೆ, ನಂಬರ ಒಂದು.

ಗಾಡಿಯೊಳಗ ರಜಿಯಾನ ಫೋನು.
‘ಏನಾತು?’
‘ಎರಡು ಹೋದವು’ ಅಂದೆ.
ಆ ಕಡಿ ಗ್ರೈಂಡರಿನ ಸಪ್ಪಳ ನಿಂತಿತು.
‘ಯಾವ ಎರಡು? ಹಳದಿ ಎಳಿದು ಕೊಟ್ಟಿ ಏನು?
ಅದು ಮಾರೂದಲ್ಲ ಅಂತ ಹೇಳಿದ್ದೆ ನಿನಗ.’