ಮಂಗಳವಾರ ರಜೆ

ಹನ್ನೊಂದು ವರ್ಷದಿಂದ ನನ್ನಂಗಡಿ ಕನ್ನಡಿಯೊಳಗೆ
ಒಂದು ಬೆಟ್ಟ, ಬೆಟ್ಟದ ಕಾಲಡಿ ಒಂದು ಕೆರೆ,
ಗಿರಾಕಿಯ ಬಲಗಿವಿಯ ಪಕ್ಕಕ್ಕೆ ಸರಿಯಾಗಿ.
ಕತ್ತರಿ ಆಡಿಸುತ್ತ ದಿನಕ್ಕೆ ಮೂವತ್ತು ಸಲ
ಆ ನೀರಿಗಿಳಿದು ಬರುತ್ತೇನೆ
ಕಾಲು ಒದ್ದೆಯಾಗದೆ.

ಕ್ಯಾಲೆಂಡರು ಕೊಟ್ಟವರು ಹತ್ತಿಮಿಲ್ಲಿನ ಫಿಟ್ಟರ್ ಕರಿಬಸಪ್ಪ.
ಹೊಸ ಯಂತ್ರ ಕಲಿತು ಬಾ ಅಂತ ಜಪಾನಿಗೆ ಕಳಿಸಿದ್ದರಂತೆ.
ಒಂದು ಭಾನುವಾರ ಸುಮ್ಮನೆ ರೈಲು ಹತ್ತಿ
ಈ ಊರಲ್ಲಿ ಇಳಿದೆ ಅಂದರು.
ಏನಿತ್ತು ಅಲ್ಲಿ, ಅಂದೆ.
ನೊರೆಯೊಳಗೇ ತುಸು ಯೋಚಿಸಿ
"ಏನೂ ಇರಲಿಲ್ಲಪ್ಪ. ಅದಕ್ಕೇ ಇನ್ನೂ ನೆನಪೈತಿ."

ಮಿಲ್ಲು ಮುಚ್ಚಿತು. ಕರಿಬಸಪ್ಪನವರ ತಲೆ ಬಯಲಾಯಿತು,
ಈಗ ಬರುವುದು ಗಡ್ಡಕ್ಕೆ ಮಾತ್ರ.
ತಾರೀಖುಗಳು ಹಳಸಿದವು, ಚಿತ್ರ ಉಳಿಯಿತು.
ಕೆಳಗಿನ ಅಕ್ಷರ ಕನ್ನಡಿಯಲ್ಲಿ ಹಿಂದುಮುಂದು;
ನೆಟ್ಟಗಿದ್ದಿದ್ದರೂ ನನಗೆ ಅಷ್ಟೇ.

ಮಂಗಳವಾರ ಕತ್ತರಿಗೆ ರಜೆ.
ಮೊನ್ನೆ ಏನನ್ನಿಸಿತೋ, ಚನ್ನಗಿರಿ ಬಸ್ಸು ಹತ್ತಿದೆ.
"ಸೂಳೆಕೆರೆ ಯಾರ್ರೀ, ಸೂಳೆಕೆರೆ" ಕೂಗಿ ಇಳಿಸಿದ ಕಂಡಕ್ಟರು;
ಬೋರ್ಡು ಮಾತ್ರ ಮರ್ಯಾದೆಯಿಂದ
ಶಾಂತಿಸಾಗರ ಅನ್ನುತ್ತಿತ್ತು.
ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ
ಎರಡೂ ಹೆಸರು ಧೂಳಲ್ಲಿ ಜಗಳಾಡಿ
ಆಮೇಲೆ ಸುಮ್ಮನಾದವು.

ಸುಮ್ಮನೆ ಅಂದರೆ ಎಂಥ ಸುಮ್ಮನೆ!
ಎಫ್‌ಎಂ ಇಲ್ಲ, ಫ್ಯಾನಿನ ಕಿರ್ರು ಇಲ್ಲ,
ವಾರ್ಡಿನ ಎಲೆಕ್ಷನ್ನು ಯಾರಿಗೆ ಅನ್ನುವವರಿಲ್ಲ.
ಗುಡ್ಡಗಳ ಸಂದಿಗೆ ಏರಿ ಹಾಕಿ ತಡೆದ ನೀರು
ಮೆಲುಕು ಹಾಕುವ ಎಮ್ಮೆಯ ಹಾಗೆ ಕೂತಿತ್ತು.

ಮಾತು ನನ್ನ ಕಸುಬಿನ ಅರ್ಧ ಬಂಡವಾಳ.
ಚಹದಂಗಡಿಯಾಕೆಗೆ "ಈ ಕಡೆ ಮಳೆ ಹೆಂಗವ್ವ?" ಅಂದೆ.
ಸೌಟಿನಿಂದ ಕೆರೆ ತೋರಿಸಿದಳು.
ಚಿಲ್ಲರೆಯನ್ನೂ ಹಾಗೇ ಕೊಟ್ಟಳು, ಅಂಗೈಗೆ, ಸದ್ದಾಗದಂತೆ.

ತೂಬಿನ ಕಟ್ಟೆ ಮೇಲೆ ನೀರಗಂಟಿ ದುಗ್ಗಪ್ಪ,
ಹದಿನೈದು ದಿನದ ಗಡ್ಡ.
ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದ.
"ಕಸುಬಿನ ಕೈ" ಅಂದ. ಗಲ್ಲ ಸವರಿಕೊಂಡ.
ರಜೆ ಕಣಯ್ಯ ನಂಗಿವತ್ತು, ಅನ್ನಬೇಕೆಂದಿದ್ದೆ.
ಅಷ್ಟರಲ್ಲಿ ಅವನು ಹೋಗಿ
ಚಹದಂಗಡಿಯಿಂದ ಒಂದು ಬ್ಲೇಡು, ಬಟ್ಟೆಸೋಪಿನ ಚೂರು,
ಸೀಳಿದ ಬಿದಿರಕಡ್ಡಿ ತಂದು ಇಟ್ಟ.
ನೀರಿಗೆ ಬರವಿರಲಿಲ್ಲ.

ಕಡೆಯ ಮೆಟ್ಟಿಲಲ್ಲಿ ಕೂಡಿಸಿದೆ.
ಎದುರಿಗೆ ಗುಡ್ಡ ತಲೆಕೆಳಗಾಗಿ ನಿಂತಿತ್ತು,
ಅದರ ಬಲಗಿವಿಯ ಪಕ್ಕಕ್ಕೆ ದುಗ್ಗಪ್ಪ.
ಬ್ಲೇಡು ಎಳೆದೆ:
ಸರ್ರ್...
ಒಣಗಿದ ಹುಲ್ಲಲ್ಲಿ ಹಾವು ಹೋದ ಹಾಗೆ,
ಅಲ್ಲ, ಅಷ್ಟು ದೊಡ್ಡದಲ್ಲ,
ಇರುವೆ ಸಕ್ಕರೆ ಎಳೆದುಕೊಂಡು ಹೋದ ಹಾಗೆ.
ಇಪ್ಪತ್ತಾರು ವರ್ಷ ಗಡ್ಡ ಹೆರೆದಿದ್ದೇನೆ,
ಆ ಸದ್ದು ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಮುಖ ನೋಡಿಕೊಳ್ಳಲು ಬಗ್ಗಿದ.
ಎಲ್ಲಿತ್ತೋ ಗಾಳಿ, ಬಂತು.
ಗುಡ್ಡ ಹೋಯಿತು, ಮೂಗು ಹೋಯಿತು,
ಬರೀ ಹೊಳಪಿನ ಚೂರು.
ದುಗ್ಗಪ್ಪ ಕಾಯಲಿಲ್ಲ.
ಎರಡೂ ಅಂಗೈಲಿ ಗಲ್ಲ ತಡವಿ "ಆತು ಬಿಡು" ಅಂದ.
ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.
"ನಾಲ್ಕರ ಬಸ್ಸು ನಿಲ್ಲಂಗಿಲ್ಲ.
ಹುಣಸೆಮರದ ಹತ್ರ ನಿಂತು ಕೈ ಎತ್ತು."

ಎತ್ತಿದೆ. ನಿಂತಿತು.
ಕಿಟಕಿ ಪಕ್ಕ ಸೀಟು ಸಿಗಲಿಲ್ಲ,
ಕೆರೆ ಎಲ್ಲಿ ಮುಗಿಯಿತೋ ನೋಡಲಾಗಲಿಲ್ಲ.

ಬುಧವಾರ ಬೆಳಗ್ಗೆ ಕರಿಬಸಪ್ಪ ಬಂದು ಕೂತರು.
ಹೋಗಿಬಂದದ್ದು ಹೇಳೋಣವೆಂದು ಬಾಯಿ ತೆರೆದೆ,
ಯಾಕೋ ಬೇಡವೆನ್ನಿಸಿ
ಎಫ್‌ಎಂ ಆರಿಸಿದೆ.
ಫ್ಯಾನು ಆರಿಸಿದೆ.
ಬಾಗಿಲು ಒರೆ ಮಾಡಿ ಬಂದು
ಬ್ಲೇಡು ಅವರ ಗಲ್ಲಕ್ಕಿಟ್ಟು, ತಡೆದೆ.

ಮುಚ್ಚಿದ ಕಣ್ಣು ತೆರೆಯದೆ
ನೊರೆಯೊಳಗಿಂದ ಅವರು ಕೇಳಿದರು:
"ಕರೆಂಟು ಹೋತೇನಪ್ಪ?"