ಅಡ್ಡಗೋಡೆಯ ಮೇಲೆ

ಹೋಟೆಲಿನ ಈ ಕೋಣೆಗೆ ಎರಡು ಬಾಗಿಲು,
ಅದಕ್ಕೇ ಆರಿಸಿಕೊಂಡೆ.
ದೂರು ಕೊಟ್ಟವಳು ಒಂದರಿಂದ ಬಂದು
ಇನ್ನೊಂದರಿಂದ ಹೋಗಬೇಕು,
ಅವನ ಬೂಟಿನ ಸದ್ದೂ ಕಿವಿಗೆ ಬೀಳಬಾರದು.
ಕಿಟಕಿಯಾಚೆ ಹೆಪ್ಪುಗಟ್ಟಿದ ಸುಪೀರಿಯರ್ ಸರೋವರ,
ಖಾಲಿ ನಿಂತ ಗೋಧಿ ಕಣಜದ ಗೋಪುರ.
ಥಂಡರ್ ಬೇಯಲ್ಲಿ ಇವತ್ತು
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.

ಮೇಜಿನ ಮೇಲೆ ನೀರು, ರೆಕಾರ್ಡರು, ಟಿಶ್ಯೂ ಡಬ್ಬಿ.
ಡಬ್ಬಿಯನ್ನು ಅವರ ಕಡೆ ಸರಿಸುವಂತಿಲ್ಲ,
ಅಳು ಎಂದಂತಾಗುತ್ತದೆ.
ನನ್ನ ಕಡೆ ಇಟ್ಟುಕೊಂಡರೆ
ಅಳಬೇಡ ಎಂದಂತೆ.
ನಡುವೆ ಇಟ್ಟಿದ್ದೇನೆ.
ಹನ್ನೊಂದು ವರ್ಷದಿಂದ ನಡುವೆಯೇ.

‘ನನ್ನ ಹೆಸರು ಇರ್ಯಾ ಕೊಸ್ಕೆಲಾ.
ನಾನು ನಿಮ್ಮ ವಕೀಲಳಲ್ಲ,
ಅವರ ವಕೀಲಳೂ ಅಲ್ಲ.’
ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ.
ಹಾಗಾದರೆ ನೀವು ಯಾರು, ಎಂದು
ಇಲ್ಲಿಯವರೆಗೆ ಕೇಳಿದ್ದು ಒಬ್ಬಳೇ,
ಆಸ್ಪತ್ರೆ ಲಾಂಡ್ರಿಯ ಟೆಯೊಡೋರಾ.
ಲೋಟಕ್ಕೆ ನೀರು ಬಗ್ಗಿಸಿಕೊಟ್ಟೆ.

ಮೊದಲು ವಕೀಲಳೇ ಆಗಿದ್ದೆ, ಕಂಪನಿಗಳ ಕಡೆ.
ತೊಂಬತ್ತೊಂದರಲ್ಲಿ ಕಾಗದ ಕಾರ್ಖಾನೆಯ
ಡಾಲ್ಬರ್ಗ್ ಎಂಬ ಹೆಂಗಸನ್ನು
ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ್ದೆ:
ಅದು ಮಂಗಳವಾರವೋ, ಬುಧವಾರವೋ?
ಮಂಗಳವಾರ ಅಂದಳು.
ಖಂಡಿತವೇ?
ಬುಧವಾರ ಇದ್ದೀತು ಅಂದಳು.
ಇನ್ನೂ ಏನೇನು ಮರೆತಿದ್ದೀರಿ, ಅಂದೆ.
ಗೆದ್ದೆವು. ಸಂಜೆ ಹಿರಿಯರು ಒಂದು ಪೆನ್ನು ಕೊಟ್ಟರು.
ಈಗಲೂ ಚೆನ್ನಾಗಿ ಬರೆಯುತ್ತದೆ.
ಬೆಕ್ಕಿನ ಡಾಕ್ಟರಿಗೆ ಚೆಕ್ ಬರೆಯಲು ಇಟ್ಟುಕೊಂಡಿದ್ದೇನೆ.

ಲಾಂಡ್ರಿಯವರ ಕೈ ಸುಮ್ಮನಿರುವುದಿಲ್ಲ.
ನಾನೇನೂ ನೋಡಿಲ್ಲ, ಎನ್ನುತ್ತಲೇ
ಟಿಶ್ಯೂ ಒಂದನ್ನು ಎಳೆದು
ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾರೆ,
ಎರಡು, ನಾಲ್ಕು, ಎಂಟು.
ಸತ್ತವರ ಹೆತ್ತವರ ಹಾಸುಬಟ್ಟೆ
ಮೂವತ್ತು ವರ್ಷ ಮಡಿಸಿದ ಕೈ.

ಏಳನೆಯ ಸಾಕ್ಷಿ ಲೆಸ್ಯಾ ಹೊಲೊವಾಟಿ.
ಸೂಪರ್‌ವೈಸರ್ ಡೆನಿ ಆ ಹುಡುಗಿಯನ್ನು
ಇಸ್ತ್ರಿ ಯಂತ್ರದ ಹಿಂದೆ ಅಡ್ಡಗಟ್ಟಿದಾಗ
ನೀವು ಎಲ್ಲಿದ್ದಿರಿ, ಎಂದೆ.
ಕೈ ಅರ್ಧ ಮಡಿಕೆಯಲ್ಲಿ ನಿಂತಿತು.
ರೆಕಾರ್ಡರಿನ ಅಂಕಿ ಮಾತ್ರ ಓಡುತ್ತಿತ್ತು,
ನಲವತ್ತು ಸೆಕೆಂಡು.
‘ನನ್ನ ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳು,’ ಎಂದಳು.

ಕಾನೂನು ಕೇಳುವುದೇನೂ ಹೆಚ್ಚಲ್ಲ,
ನೂರಕ್ಕೆ ಐವತ್ತೊಂದು.
ತಕ್ಕಡಿ ಕೂದಲೆಳೆಯಷ್ಟು ವಾಲಿದರೆ ಸಾಕು.
ನಿಂತುಹೋದ ಕೈ ಎಷ್ಟು ತೂಗುತ್ತದೆ?

ತಂಗಿ ಐಲಾ ಫೋನಿನಲ್ಲಿ ನಗುತ್ತಾಳೆ:
ಅಡ್ಡಗೋಡೆ ಮೇಲೆ ದೀಪ ಇಡುವುದಕ್ಕೂ
ಗಂಟೆಗಿಷ್ಟು ಅಂತ ಕೊಡುತ್ತಾರಲ್ಲೇ ನಿನಗೆ!
ಗೋಡೆ ಕಟ್ಟಿದವಳು ನಾನಲ್ಲ, ಅನ್ನಬೇಕೆಂದಿದ್ದೆ.
ಬಾಯಿಗೆ ಬರಲಿಲ್ಲ.
ನಾನೂ ಇಟ್ಟಿಗೆ ಹೊತ್ತಿದ್ದೇನೆ.

ರಾತ್ರಿ, ನಲವತ್ತಮೂರನೆಯ ಪುಟ.
‘ಪ್ರಶ್ನೆ ಅರವತ್ತೆರಡಕ್ಕೆ ಸಾಕ್ಷಿ
ನಲವತ್ತು ಸೆಕೆಂಡು ಮಾತಾಡಲಿಲ್ಲ.
ಕೈಯಲ್ಲಿದ್ದ ಮಡಿಕೆ ಪೂರ್ತಿಯಾಗಲಿಲ್ಲ.’
ಕೊನೆಯ ವಾಕ್ಯ ಅಳಿಸಿದೆ.
ಮತ್ತೆ ಬರೆದೆ.
ಕಂಪನಿಯ ವಕೀಲ ಇದನ್ನು ಚಿಂದಿ ಮಾಡುತ್ತಾನೆ,
ಎಲ್ಲಿಂದ ಹರಿಯಬೇಕೆಂದೂ ಗೊತ್ತು ನನಗೆ,
ನಾನಾಗಿದ್ದರೆ ಅಲ್ಲಿಂದಲೇ ಹರಿಯುತ್ತಿದ್ದೆ.
ಇರಲಿ, ಬಿಟ್ಟೆ.

ಕೆಳಗೆ ಸಹಿ ಹಾಕಿ
ಮಂಗಳವಾರ, ಎಂದು ಬರೆದೆ.
ಆಮೇಲೆ ಗಡಿಯಾರ ನೋಡಿದರೆ
ಹನ್ನೆರಡು ದಾಟಿ ಹತ್ತು ನಿಮಿಷ.
ಬುಧವಾರ.