ಅಡಿಟಿಪ್ಪಣಿ

ಪ್ರಶ್ನೆ ಒಂದೇ ಸಾಲು:
"ಪ್ರಾಚೀನರು ಯಂತ್ರವನ್ನು ಹಗುರಾಗಿ ಕಂಡರೇ?
ಆಕರಗಳ ಆಧಾರದಿಂದ ಚರ್ಚಿಸಿ."
ಶುಕ್ರವಾರದೊಳಗೆ ಎಂಟು ಪುಟ.
ಮದಾಮ್ ರುಸ್ತಾನ್ ಹಂಚಿದ ಜೆರಾಕ್ಸಿನಲ್ಲಿ ಮೂರು ಆಕರ,
ಮೂರೂ ಓರೆಯಾಗಿ ಬಿದ್ದು
ಅಂಚಿನ ಅಕ್ಷರ ನುಂಗಿಕೊಂಡು.

ಮೊದಲನೆಯವನು ಜಮೀನುದಾರ.
ಕೈಗೆ ಕೆಸರು ತಾಕದವನ ಬಾಯಲ್ಲಿ
ಮೊಸರಿನಂಥ ಗದ್ಯ:
ಕುಲುಮೆಯ ಮುಂದೆ ಕೂತವನ ಮನಸ್ಸು ಕುಗ್ಗುತ್ತದಂತೆ,
ಊರಿನ ಒಳಿತು ಅವನಿಗೆ ಹೊಳೆಯದಂತೆ.
ಆ ಪತ್ರಕ್ಕೆ ಮಸಿ ಅರೆದವರು ಯಾರು
ಎಂದು ಪೆನ್ಸಿಲಿನಲ್ಲಿ ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಎರಡನೆಯವನು ಲೆಕ್ಕದ ಅಧಿಕಾರಿ.
ನೀರಿನ ಗಾಲಿ ತಿರುಗಿದರೆ ಉಳಿಯುವ ಕತ್ತೆ ಎಷ್ಟು, ಮೇವು ಎಷ್ಟು;
ಬೀಸುವ ಹೆಂಗಸರೂ ಅದೇ ಪಟ್ಟಿಯಲ್ಲಿ,
ಕತ್ತೆಗಳ ಕೆಳಗೆ.

ಮೂರನೆಯದು ಒಡೆದ ಗೋರಿಕಲ್ಲು.
"...ನ ಮಗ, ಗಾಲಿ ಕಟ್ಟುವವನು, ಮೂವತ್ತೊಂದು ವರ್ಷ..."
ಆಮೇಲೆ ಕಲ್ಲೇ ಇಲ್ಲ.

"ಸಲೀಸು," ಅಂದ ಲೂಬನ್,
"ಒಂದು ತಿರಸ್ಕಾರ, ಇನ್ನೊಂದು ಲಾಭ, ಮತ್ತೊಂದು ಹೆಮ್ಮೆ.
ಎರಡೆರಡು ಪುಟ. ಪೀಠಿಕೆ, ಸಮಾರೋಪ. ಮುಗೀತು."
ಅವನು ಮುಗಿಸಿ ಈಜಲು ಹೋದ.
ನಾನು ಬಸ್ಸು ಹಿಡಿದೆ.

ಆರ್ಲ್ ಪಟ್ಟಣದಾಚೆ, ಗುಡ್ಡದ ಇಳುಕಲಲ್ಲಿ,
ಹದಿನಾರು ಗಾಲಿಗಳಿದ್ದ ಜಾಗ.
ಈಗ ಮೊಂಡು ಗೋಡೆಗಳು, ಥೈಮ್ ಪೊದೆ,
ಬಿಸಿಲು ಕಾಯಿಸುವ ಒಂದು ಹಲ್ಲಿ.
ಮಿಸ್ತ್ರಾಲ್ ಗಾಳಿ ಬೀಸಿದ್ದೇ
ನನ್ನ ಹಾಳೆಗಳನ್ನು ಆಲಿವ್ ತೋಪಿಗೆ ಹೊತ್ತೊಯ್ದಿತು.
ಜಮೀನುದಾರ ಮುಳ್ಳಿಗೆ ಸಿಕ್ಕಿಕೊಂಡಿದ್ದ.
ಅಧಿಕಾರಿ ಸಿಗಲೇ ಇಲ್ಲ.

ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಒನೊರಿನ್ ಟ್ರೇ ಎಳೆದಳು.
ಬಿಳಿಯ ಚಕ್ಕೆಗಳು, ಬಿಸ್ಕತ್ತಿನಷ್ಟು ದಪ್ಪ.
"ಮರವೆಲ್ಲ ಕೊಳೆತುಹೋಯಿತು," ಅಂದಳು,
"ಅದರ ಮೇಲೆ ನೀರು ಬಿಟ್ಟುಹೋದ ಸುಣ್ಣ ಇದು.
ತಿರುವಿ ನೋಡು."
ತಿರುವಿದೆ.
ಹಲಗೆಯ ನಾರು, ಗಂಟು,
ಗರಗಸ ಜಾರಿದ ಒಂದು ಗೀರು,
ಎಲ್ಲ ಅಚ್ಚೊತ್ತಿದಂತೆ, ತಿರುಗುಮುರುಗಾಗಿ,
ಹಲಗೆಯೇ ಇಲ್ಲದೆ.

ಅಡ್ಡ ಕೊಯ್ದಲ್ಲಿ ಗೆರೆ ಮೇಲೆ ಗೆರೆ.
ಬೇಸಿಗೆ ಕಳೆಯುವ ಹೊತ್ತಿಗೆ ಗಾಲಿ ನಿಲ್ಲುತ್ತಿತ್ತಂತೆ.
ಇಲ್ಲೊಂದು ಹಲಗೆ ಬದಲಾಗಿದೆ.
ಇಲ್ಲಿ ಯಾರೋ ಹಳೆಯದನ್ನೇ ಮಗುಚಿ ಬಡಿದಿದ್ದಾರೆ.
ತಿರಸ್ಕಾರವೋ ಲಾಭವೋ ಹೆಮ್ಮೆಯೋ
ಸುಣ್ಣಕ್ಕೆ ತಿಳಿಯದು.
ಗಾಲಿ ಕೆಟ್ಟ ದಿನ ಯಾರೋ
ಸೊಂಟಮಟ್ಟ ತಣ್ಣೀರಿಗೆ ಇಳಿದರು,
ಅಷ್ಟು ತಿಳಿದಿದೆ.

ಮನೆಗೆ ಬಂದರೆ ಅಮ್ಮ
ಕೆಟಲಿನ ತಳಕ್ಕೆ ವಿನಿಗರ್ ಸುರಿದು
ಹಳೇ ಚಮಚದಿಂದ ಕೆರೆಯುತ್ತಿದ್ದಳು.
ನಮ್ಮೂರ ನೀರು ಗಡುಸು, ಅಂದಿಗೂ ಇಂದಿಗೂ.
"ಎಸೀಬೇಡ," ಅಂದೆ.
ಇವಳಿಗೇನು ಬಂತು ಎಂಬಂತೆ ನೋಡಿದಳು.
ಚಕ್ಕೆಯನ್ನು ದೀಪಕ್ಕೆ ಹಿಡಿದೆ.
ಇದ್ದವು, ಗೆರೆಗಳು.

ಹೋಟೆಲಿನ ಬಟ್ಟೆ ಒಗೆಯುವ ಯಂತ್ರಗಳ ಜೊತೆ
ಹದಿನೈದು ವರ್ಷ ಕಳೆದವಳು ಅವಳು.
ಅವುಗಳ ಬಗ್ಗೆ ನಿನಗೆ ಏನನ್ನಿಸುತ್ತದೆ
ಎಂದು ಒಂದು ದಿನವೂ ಕೇಳಿರಲಿಲ್ಲ.
ಕೇಳಿದೆ.
"ಮೂರನೆಯದು ಹಟಮಾರಿ," ಅಂದಳು ಕೆರೆಯುತ್ತಲೇ,
"ಮೊಣಕಾಲಿಂದ ಒಂದು ತಟ್ಟಬೇಕು."
ಬೇರೆ ಅಭಿಪ್ರಾಯವಿರಲಿಲ್ಲ.

ಗುರುವಾರ ರಾತ್ರಿ ಎರಡಕ್ಕೆ
ಆರನೆಯ ಪುಟದ ಬುಡದಲ್ಲಿ, ಸಣ್ಣ ಅಕ್ಷರದಲ್ಲಿ,
ಒಂಬತ್ತನೆಯ ಅಡಿಟಿಪ್ಪಣಿಯಾಗಿ
ಅಮ್ಮನ ಮಾತನ್ನು ಇಟ್ಟೆ:
ಆಕರ ಮೌಖಿಕ. ಸ್ಥಳ ಅಡುಗೆಮನೆ.

ಇಪ್ಪತ್ತಕ್ಕೆ ಹನ್ನೊಂದು ಬಂತು.
ಅಂಚಿನಲ್ಲಿ ಮದಾಮ್ ರುಸ್ತಾನಳ ಕೆಂಪು ಶಾಯಿ:
"ಕಾಲದೋಷ. ಒಪ್ಪಲಾಗದ ಆಕರ."
ಅದರ ಕೆಳಗೆ, ಬೇರೆಯೇ ಪೆನ್ನಿನಲ್ಲಿ,
ಯಾವಾಗಲೋ ಆಮೇಲೆ ಬರೆದಂತೆ:
"ಯಾವ ಬದಿಗೆ ತಟ್ಟಬೇಕು?"